ತುಳಿಯಬಾರದ ಉಪ್ಪು

ಲಿವೋನಿಯಾ, ಮಿಷಿಗನ್
ಸೋಮವಾರ, ಫೆಬ್ರವರಿ 8, 2010

ಚಿ. ಸೌ. ಪದ್ಮಳಿಗೆ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ. ಹೆತ್ತ ತಾಯಿ ಮಾತಾಡುತ್ತಿರುವಾಗ ಫೋನನ್ನು ಟಕ್ಕೆಂದು ಇಟ್ಟುಬಿಡುವುದನ್ನು ನಿನಗೆ ಯಾರು ಕಲಿಸಿದರು? ನಾನಂತೂ ಕಲಿಸಿಲ್ಲ. ಒಂದಲ್ಲ, ಮೂರು ಸಲ ಆಯಿತು. "ಅಮ್ಮಾ, ನೀನು ಅವರ ಪರವಾಗಿ ಮಾತಾಡೋದಾದ್ರೆ ನಾನು ಇಡ್ತೀನಿ" ಅನ್ನುತ್ತೀಯೆ, ಇಟ್ಟೂ ಬಿಡುತ್ತೀಯೆ. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕಟ್ ಮಾಡುವುದಕ್ಕೆ ಬಟನ್ ಇಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದಿಯೇ ಓದುತ್ತೀಯೆ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಆಫೀಸಿನಲ್ಲಿ ತಿಂಡಿ ತಿನ್ನುತ್ತಾ ಓದಬೇಡ. ಕಾರಿನಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಒಂದೊಂದು ಸಾಲು ಓದಬೇಡ. ರೂಮಿಗೆ ಹೋಗಿ, ಕೈಕಾಲು ತೊಳೆದು, ಒಂದು ಕಡೆ ಕುಳಿತು ಓದು. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಇಷ್ಟು ಉದ್ದ ಬರೆದದ್ದು ಜನ್ಮದಲ್ಲಿ ಇದೇ ಮೊದಲು, ಅದೂ ಇಂಥ ವಿಷಯಕ್ಕೆ.

ಈ ತಿಂಗಳ ಕೊನೆಗೆ ಬಂದು ಮಾನ್ಯಾಳನ್ನು ನೀನಿರುವ ಹಾಫ್‌ಮನ್ ಎಸ್ಟೇಟ್ಸ್ ಊರಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಸ್ಕೂಲಿಗೆ ಸೇರಿಸುತ್ತೇನೆ ಎಂದಿದ್ದೀಯೆ. ಅಳಿಯಂದಿರು ಇಲ್ಲೇ ಇರಲಿ, ಮುಂದಿನದು ಆಮೇಲೆ ನೋಡೋಣ ಎಂದೂ ಅಂದಿದ್ದೀಯೆ. "ಒಂದು ಫುಟ್‌ಪಾತ್ ನೋಡ್ಕೊಳ್ಳೋಕೆ ಆಗದವರು ಮಗೂನ ಏನ್ ನೋಡ್ಕೋತಾರೆ ಅಮ್ಮಾ?" ಎಂದು ನೀನು ಕೇಳಿದೆ. ಆ ಮಾತಿಗೆ ಉತ್ತರ ನನ್ನ ಹತ್ತಿರ ಇತ್ತು. ಇಪ್ಪತ್ತೈದು ದಿನದಿಂದ ಇದೆ. ಬಾಯಿ ಬಿಡಲಿಲ್ಲ.

ಗೊತ್ತಿರುವುದನ್ನೇ ಮತ್ತೆ ಹೇಳುತ್ತಾಳೆ ಅನ್ನಬೇಡ. ಮೊದಲಿನಿಂದ ಬಿಡಿಸಿಕೊಂಡು ಬಂದರೆ ಮಾತ್ರ ಆ ಜಾಗಕ್ಕೆ ಬಂದು ಮುಟ್ಟುತ್ತೇನೆ. ಇಲ್ಲದಿದ್ದರೆ ಪಕ್ಕದ ದಾರಿಯಲ್ಲಿ ಜಾರಿಕೊಂಡುಬಿಡುವ ಜಾತಿ ನನ್ನದು.

ಹೋದ ಜೂನಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಅಳಿಯಂದಿರಿಗೆ ಲೇಆಫ್ ಆಯಿತು. ನಿನಗೆ ಕೆಲಸ ಸಿಕ್ಕಿದ್ದು ಐದು ಗಂಟೆ ದೂರದ ಚಿಕಾಗೋ ಕಡೆ. ಮಗುವಿನ ಸ್ಕೂಲು ಮಧ್ಯದಲ್ಲಿ ಬದಲಿಸುವುದು ಬೇಡ ಎಂದು ಅಕ್ಟೋಬರಿನಲ್ಲಿ ನನ್ನನ್ನು ಮೈಸೂರಿನಿಂದ ಕರೆಸಿಕೊಂಡೆ. ನೀನು ಹದಿನೈದು ದಿನಕ್ಕೊಮ್ಮೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ, ಹೋಗುತ್ತಿದ್ದೆ. ಉಳಿದ ದಿನ ಮನೆಯಲ್ಲಿ ಅತ್ತೆ, ಅಳಿಯ, ಒಂದು ಹೆಣ್ಣು ಮಗು. ಎದುರಿಗೆ ನಿಂತು ಅಳಿಯಂದಿರ ಜೊತೆ ಮಾತಾಡಿ ಗೊತ್ತಿಲ್ಲದವಳು ನಾನು. "ಮಾನ್ಯಾ, ನಿಮ್ಮಪ್ಪಂಗೆ ಊಟಕ್ಕೆ ಬರೋಕೆ ಹೇಳು" ಎಂದು ಅವರ ಕಿವಿಗೆ ಬೀಳುವಂತೆಯೇ ಕೂಗುತ್ತಿದ್ದೆ. ನಿನ್ನ ಮಗಳು ತಲೆಯೂ ಎತ್ತದೆ "ಹಿ ಹರ್ಡ್ ಯೂ, ಅಜ್ಜಿ" ಅನ್ನುತ್ತಿದ್ದಳು. ಅಳಿಯಂದಿರು ಬಂದು ತಟ್ಟೆ ಹಾಕಿಕೊಂಡು ಊಟ ಮಾಡಿ, ನನ್ನ ತಟ್ಟೆಯನ್ನೂ ತೊಳೆದಿಟ್ಟು ಹೋಗುತ್ತಿದ್ದರು. ಅದಕ್ಕೂ ನನಗೆ ನಾಚಿಕೆ.

ಡಿಸೆಂಬರಿನಲ್ಲಿ ಹಿಮ ಶುರುವಾಯಿತಲ್ಲ, ಆಗಲೇ ಅವರು ಆ ವಾಲಂಟಿಯರ್ ಗುಂಪಿಗೆ ಸೇರಿದ್ದು. ನಮ್ಮ ಸಾಲಿನಲ್ಲೇ ಮೂರು ಮನೆ ಖಾಲಿ. ಸಾಲ ಕಟ್ಟಲಾಗದೆ ಬಿಟ್ಟುಹೋದವರ ಬಾಗಿಲ ಮೇಲೆ ಬ್ಯಾಂಕಿನ ಕಾಗದ. ಮನೆಯವರೇ ಇಲ್ಲದ ಮೇಲೆ ಮನೆ ಮುಂದಿನ ಹಿಮ ಯಾರು ತೆಗೆಯುತ್ತಾರೆ? ಬಸ್ಸಿಗೆ ಹೋಗುವ ಮಕ್ಕಳೆಲ್ಲ ರಸ್ತೆಗೆ ಇಳಿದು ನಡೆಯುತ್ತಿದ್ದವು. ಎದುರು ಮನೆಯ ಲೀನಾ, ಎಪ್ಪತ್ತು ದಾಟಿದ ಆ ಬಿಳಿ ಹೆಂಗಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು, ಮನೆಮನೆಗೆ ಹೋಗಿ ಪಟ್ಟಿ ಮಾಡಿದಳು. ಯಾರು ಯಾವ ಕಡೆ ಗುಡಿಸಬೇಕು, ಯಾವ ಮುದುಕರ ಮೆಟ್ಟಿಲು ಯಾರ ಪಾಲು, ಉಪ್ಪಿನ ಮೂಟೆ ಯಾರ ಗ್ಯಾರೇಜಿನಲ್ಲಿ, ಎಲ್ಲ. ನಮ್ಮ ಮೂಲೆಯಿಂದ ಬಸ್ ನಿಲ್ಲುವ ಜಾಗದವರೆಗೆ ಹನ್ನೊಂದು ಮನೆಯ ಮುಂದಿನ ದಾರಿ ಅಳಿಯಂದಿರ ಪಾಲಿಗೆ ಬಂತು.

ಬೆಳಿಗ್ಗೆ ಆರಕ್ಕೆ ಏಳುತ್ತಿದ್ದರು. ಗುಂಪಿನವರು ಕೊಟ್ಟ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು, ಸಲಿಕೆ ಹಿಡಿದು ಹೊರಟರೆ ಒಂದೂವರೆ ಗಂಟೆ. ಮೊದಲು ಮೇಲಿನ ಮೆತ್ತನೆ ಹಿಮ ತಳ್ಳುವುದು, ಆಮೇಲೆ ಅಡಿಗೆ ಅಂಟಿಕೊಂಡ ಗಡ್ಡೆಯನ್ನು ಕೆರೆದು ಎಬ್ಬಿಸುವುದು, ಸಿಮೆಂಟು ಕಂಡ ಮೇಲೆ ಮತ್ತೆ ಹೆಪ್ಪುಗಟ್ಟಿ ಜಾರದಿರಲೆಂದು ಬಕೆಟ್ಟಿನಿಂದ ಹಿಡಿ ಹಿಡಿ ಹರಳುಪ್ಪು ಚೆಲ್ಲುವುದು. ವಾಪಸು ಬಂದಾಗ ಮೂಗು ಕೆಂಪಗೆ, ಹೊಟ್ಟೆ ಹಸಿದಿರುತ್ತಿತ್ತು. ಜೂನಿನಿಂದ ಅರ್ಧ ಚಪಾತಿಗೆ ಎದ್ದುಹೋಗುತ್ತಿದ್ದ ಮನುಷ್ಯ ಆರು ದೋಸೆ ತಿನ್ನುವುದನ್ನು ಕಣ್ಣಾರೆ ಕಂಡೆ. ಕಂಡೂ ಏನು ಮಾಡಿದೆ? ಹಂಗಿಸಿದೆ. "ಮಾನ್ಯಾ, ನಿಮ್ಮಪ್ಪಂಗೆ ಕೇಳು, ಸಂಬಳ ಇಲ್ಲದ ಕೆಲಸಕ್ಕೆ ಇಷ್ಟು ಬೇಗ ಏಳೋರು ಆಫೀಸಿಗೂ ಹೀಗೇ ಏಳ್ತಿದ್ರಾ ಅಂತ." ಆ ಕಿತ್ತಳೆ ಅಂಗಿಯನ್ನು ಬಾಗಿಲ ಬಳಿ ನೇತುಹಾಕಬಾರದು, ಬಂದವರು ನೋಡುತ್ತಾರೆ ಎಂದು ಗ್ಯಾರೇಜಿಗೆ ಹಾಕಿಸಿದೆ. ಆ ಕಡೆ ಸಾಲಿನಲ್ಲಿ ಧಾರವಾಡದ ರಾಘವೇಂದ್ರ ಇದ್ದಾರಲ್ಲ, ಅವರೂ ಅದೇ ಗುಂಪಿನವರು. ಒಂದು ದಿನ ಬಾಗಿಲಲ್ಲೇ ನಿಂತು, "ಏನ್ರಿ ಅಮ್ಮಾರ, ನಿಮ್ಮ ಅಳಿಯಾರು ಹಿಂಗ ಕೆರದ್ರ ಫುಟ್‌ಪಾತ್ ತೂತ ಬೀಳತೈತ್ರಿ, ಸ್ವಲ್ಪ ಸಡ್ಲ ಬಿಡಾಕ ಹೇಳ್ರಿ" ಎಂದು ನಕ್ಕರು. ಹೊಗಳಿದ್ದು ಅದು. ನನಗೆ ಬೈದ ಹಾಗೆ ಕೇಳಿಸಿತು. ಅವರ ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ ನಿನ್ನ ಗಂಡ ಏನು ಮಾಡುತ್ತಾರೆ ಎಂದು ಯಾರೋ ಕೇಳಿದರು. "ರಜದಲ್ಲಿದ್ದಾರೆ" ಎಂದೆ.

ಈಗ ಸಂಕ್ರಾಂತಿ ದಿನಕ್ಕೆ ಬರುತ್ತೇನೆ.

ಅಂದು ಬೆಳಿಗ್ಗೆ ಅಳಿಯಂದಿರು ದಾರಿಯನ್ನೆಲ್ಲ ಕೆರೆದು, ಉಪ್ಪು ಹಾಕಿ, ಮಾನ್ಯಾಳನ್ನು ಸ್ಕೂಲಿಗೆ ಬಿಟ್ಟು, ಕೆಲಸಕ್ಕೆ ಅಪ್ಲೈ ಮಾಡುವುದಿದೆ ಎಂದು ಹಾಗೇ ಲೈಬ್ರರಿಗೆ ಹೋದರು. ನಾನು ತಲೆಗೆ ನೀರು ಹಾಕಿಕೊಂಡು ಬಾಗಿಲು ತೆರೆದೆ. ಅಕ್ಟೋಬರಿನಿಂದ ಬಾಗಿಲಿಗೆ ನೀರು ಹಾಕಿಲ್ಲ, ರಂಗೋಲಿ ಇಟ್ಟಿಲ್ಲ. ಅಂದು ನೋಡಿದರೆ ಸಿಮೆಂಟು ಸಾರಿಸಿದ ಅಂಗಳದ ಹಾಗೆ ಒಣಗಿಕೊಂಡು ಬಿದ್ದಿದೆ. ಕೈ ತಡೆಯಲಿಲ್ಲ. ಆದರೆ ಹೊಸಿಲಿನಿಂದ ಹಿಡಿದು ಫುಟ್‌ಪಾತಿನವರೆಗೆ ಉಪ್ಪು. ಉಪ್ಪು ಅಂದರೆ ಲಕ್ಷ್ಮಿ. ಒಂದು ಹರಳು ಕೆಳಗೆ ಬಿದ್ದರೆ ಕಣ್ಣಿಗೊತ್ತಿಕೊಂಡು ನೀರಿಗೆ ಹಾಕುವಂತೆ ನಿನಗೆ ನಾನೇ ಅಲ್ಲವೇ ಕಲಿಸಿದ್ದು? ವರ್ಷದ ಮೊದಲ ಹಬ್ಬದ ದಿನ ಮನೆ ಮುಂದೆ ಲಕ್ಷ್ಮಿಯನ್ನು ಚೆಲ್ಲಿ ಕಾಲಲ್ಲಿ ತುಳಿದರೆ ಈ ಮನೆಗೆ ಕೆಲಸ ಹೇಗೆ ಬಂದೀತು? ಹೋದ ಕೆಲಸ ಹೇಗೆ ತಿರುಗಿ ಬಂದೀತು? ನಗಬೇಡ ಪದ್ಮಾ, ನಿಜವಾಗಿ ಹಾಗೆಯೇ ಯೋಚಿಸಿದೆ. ಅಳಿಯಂದಿರಿಗೆ ಕೆಲಸ ಸಿಗದಿರುವುದು ಈ ಉಪ್ಪು ತುಳಿಯುವುದರಿಂದಲೇ ಇರಬೇಕು ಎಂದುಕೊಂಡೆ.

ಪೊರಕೆ ತಂದು ಉಪ್ಪನ್ನೆಲ್ಲ ಮೊರಕ್ಕೆ ಗುಡಿಸಿದೆ. ಪೊರಕೆಗೆ ಬಾರದ್ದನ್ನು ಎರಡು ಬಕೆಟ್ ಬಿಸಿನೀರು ಹುಯ್ದು ತೊಳೆದೆ. ಮೆಟ್ಟಿಲು, ಅದರ ಮುಂದಿನ ದಾರಿ, ಆಚೆ ಫುಟ್‌ಪಾತು. ನಮ್ಮೂರಲ್ಲಿ ಬಾಗಿಲಿಗೆ ನೀರು ಹಾಕುವುದು ಎಂದರೆ ಬೀದಿ ಅಂಚಿನವರೆಗೂ ಹಾಕುವುದು ತಾನೇ? ಆಮೇಲೆ ಮೆಟ್ಟಿಲ ಮೇಲೆ ಅಕ್ಕಿ ಹಿಟ್ಟಿನಲ್ಲಿ ಒಂದು ಸಣ್ಣ ರಂಗೋಲಿ ಬಿಟ್ಟೆ. ಬಿಸಿನೀರು ಎರಡು ಗಳಿಗೆಯಲ್ಲಿ ಹೆಪ್ಪುಗಟ್ಟಿ ಗಾಜಾಗುತ್ತದೆ ಎಂದು ನನಗೇನು ಗೊತ್ತು? ಒಳಗೆ ಬಂದು ದೇವರ ಮುಂದೆ ಕುಳಿತೆ. ಹೊರಗೆ ಕಿರುಚಿದ್ದು ಕೇಳಿದ ಮೇಲೆಯೇ ಎದ್ದು ಬಂದದ್ದು.

ಲೀನಾ ಬಿದ್ದಿದ್ದಳು. ಎಲ್ಲರ ದಾರಿ ಸರಿಯಾಗಿದೆಯೇ ಎಂದು ನೋಡುತ್ತ ದಿನಾ ಒಂದು ಸುತ್ತು ಬರುತ್ತಾಳಲ್ಲ, ಹಾಗೆ ಬಂದವಳು ನಮ್ಮ ಮನೆ ಮುಂದೆ, ನಾನು ತೊಳೆದ ಜಾಗದಲ್ಲಿ. ಸೊಂಟದ ಮೂಳೆ ಮುರಿದಿತ್ತು. ನಾನು ಕಂಬಳಿ ತಂದು ಹೊದಿಸಿದೆ, ಅದೊಂದನ್ನು ಮಾಡಿದೆ. ಆಂಬುಲೆನ್ಸ್ ಹೋದ ಮೇಲೆ ರಾಘವೇಂದ್ರ ಬಂದರು. ಬಗ್ಗಿ ನೆಲ ಸವರಿ ನೋಡಿದರು. ಒಂದು ಹರಳು ಉಪ್ಪಿಲ್ಲ. ಎದ್ದು ನಿಂತು ನನ್ನ ಮೆಟ್ಟಿಲು ನೋಡಿ, "ರಂಗೋಲಿ ಛಂದ ಹಾಕೀರಿ ಅಮ್ಮಾರ" ಎಂದರು. ಅವರಿಗೆ ಸಂಶಯ ಬರಲಿಲ್ಲ. ಮಧ್ಯಾಹ್ನಕ್ಕೆ ಹೊಸ ಹಿಮ ಬಿದ್ದು ಎಲ್ಲವೂ ಮುಚ್ಚಿಹೋಯಿತು.

ಶನಿವಾರ ಆ ಗುಂಪಿನವರೆಲ್ಲ ರಾಘವೇಂದ್ರರ ಗ್ಯಾರೇಜಿನಲ್ಲಿ ಸೇರಿದರಂತೆ. ಅಳಿಯಂದಿರು, "ನಾನು ಉಪ್ಪು ಹಾಕಿದ್ದೆ" ಎಂದರಂತೆ. "ಹಾಕಿದ್ರ ಎಲ್ಲಿ ಹೋತೊ ಮಾರಾಯಾ, ಕಾಗಿ ತಿಂದ್ವೇನು?" ಎಂದು ರಾಘವೇಂದ್ರ ಎಲ್ಲರ ಮುಂದೆ ಕೇಳಿದರಂತೆ. ಮನೆಗೆ ಬಂದ ಅಳಿಯಂದಿರು ಶೂ ಕೂಡ ಬಿಚ್ಚಲಿಲ್ಲ. ಮಾನ್ಯಾಳನ್ನು ನಡುವೆ ಇಟ್ಟುಕೊಳ್ಳದೆ ನೇರ ನನ್ನನ್ನೇ ಕೇಳಿದರು. "ಅತ್ತೆ, ಗುರುವಾರ ಬೆಳಿಗ್ಗೆ ನಾನು ಉಪ್ಪು ಹಾಕಿದ್ದೆ ಅಲ್ವಾ? ನೀವು ನೋಡಿದ್ರಾ?"

ಒಂದೇ ಮಾತು ಸಾಕಿತ್ತು. ನಾನು, "ನಾನು ಪೂಜೇಲಿದ್ದೆ, ನೋಡಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಮಾರನೆಯ ದಿನ ಅಂಗಿಯನ್ನೂ ಸಲಿಕೆಯನ್ನೂ ವಾಪಸು ಕೊಟ್ಟುಬಂದರು. ಯಾರೂ ಕೇಳಿರಲಿಲ್ಲ, ಅವರಾಗಿಯೇ. ನೀನು ಫೋನ್ ಮಾಡಿದೆ. ನಿನಗೆ ನಾನು ಏನೆಂದೆ, ನೆನಪಿದೆಯೇ? "ಮರೆತಿರಬಹುದು ಕಣೆ, ಇತ್ತೀಚೆಗೆ ಅವರ ಮನಸ್ಸು ಸ್ಥಿಮಿತದಲ್ಲಿಲ್ಲ" ಎಂದೆ. ಬೆಂಕಿ ಹಚ್ಚಿದವಳು ನಾನು, ಎಣ್ಣೆ ಹಾಕಿದ್ದೂ ನಾನೇ. ನೀನು ಅವರಿಗೆ ಫೋನ್ ಕೊಡು ಎಂದು, "ಪುಕ್ಕಟೆ ಕೆಲಸಾನೂ ನೆಟ್ಟಗೆ ಮಾಡೋಕೆ ಆಗಲ್ವಾ ನಿಮಗೆ?" ಎಂದು ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು.

ಅಂದಿನಿಂದ ಅವರು ಬೇಸ್‌ಮೆಂಟಿನಿಂದ ಮೇಲೆ ಬರುವುದು ಊಟಕ್ಕೆ ಮಾತ್ರ. ಹೋದ ವಾರ ವೆಸ್ಟ್ ಬ್ಲೂಮ್‌ಫೀಲ್ಡಿನ ಒಂದು ಕಂಪನಿಯಿಂದ ಇಂಟರ್‌ವ್ಯೂಗೆ ಕರೆದರು, ಇವರು ಬರುವುದಿಲ್ಲ ಎಂದರು. ಮಾನ್ಯಾಳನ್ನು ನೀನು ಕರೆದುಕೊಂಡು ಹೋಗುವುದೇ ಸರಿ ಎಂದು ಅವರೂ ಹೇಳುತ್ತಿದ್ದಾರೆ. ನೀನು ಅದನ್ನು ಬೇಜವಾಬ್ದಾರಿ ಎಂದುಕೊಂಡೆ. ಅಲ್ಲ. ತನ್ನ ಮೇಲೆ ತನಗೇ ನಂಬಿಕೆ ಹೋಗಿದೆ.

ಮೊನ್ನೆ ಶುಕ್ರವಾರ ಧೈರ್ಯ ಮಾಡಿ ಕೇಸರಿಬಾತು ಮಾಡಿಕೊಂಡು ಲೀನಾಳ ಮನೆಗೆ ಒಬ್ಬಳೇ ಹೋದೆ. ಆಸ್ಪತ್ರೆಯಿಂದ ಬಂದು ಕುರ್ಚಿಯಲ್ಲಿ ಕುಳಿತಿದ್ದಾಳೆ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಏನೇನೋ ಹೇಳಿದಳು. ನನಗೆ ತಿಳಿದದ್ದು ಎರಡೇ. ತಿರು ಎನ್ನುವುದೊಂದು, ಅಳಿಯಂದಿರನ್ನು ಆಕೆ ಕರೆಯುವುದೇ ಹಾಗೆ; ಗುಡ್ ಮ್ಯಾನ್ ಎನ್ನುವುದೊಂದು. ಬಿದ್ದ ಆಕೆಗೇ ಕೋಪವಿಲ್ಲ ಪದ್ಮಾ. ನಾನು ತಲೆಯಾಡಿಸಿ, ಡಬ್ಬಿ ಇಟ್ಟು ಬಂದುಬಿಟ್ಟೆ. ನನಗೆ ಇಂಗ್ಲಿಷ್ ಬಾರದ್ದು ಅವತ್ತು ಎಷ್ಟು ಅನುಕೂಲವಾಯಿತು ನೋಡು.

ಮಾನ್ಯಾ ಬರುವ ಹೊತ್ತಾಯಿತು. ಉಳಿದದ್ದು ನಾಳೆ.

ಮಂಗಳವಾರ

ಅಳಿಯಂದಿರಿಗೆ ಹೇಳಿಬಿಟ್ಟೆ.

ಬೆಳಿಗ್ಗೆ ಮಾನ್ಯಾಳನ್ನು ಬಿಟ್ಟು ಬಂದು ಊಟದ ಮೇಜಿನ ಮೇಲೆ ಅವಳ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು, ನೀನು ಬಂದಾಗ ತಡವಾಗಬಾರದು ಎಂದು. ಅದನ್ನು ನೋಡಿ ನನ್ನಿಂದ ಆಗಲಿಲ್ಲ. ಎದುರಿಗೆ ಹೋಗಿ ನಿಂತು, ಉಪ್ಪು ಗುಡಿಸಿದ್ದು ನಾನು, ನೀರು ಹಾಕಿದ್ದು ನಾನು, ನೋಡಲಿಲ್ಲ ಎಂದು ಸುಳ್ಳು ಹೇಳಿದ್ದೂ ನಾನು ಎಂದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಸುಖವಾಗಿರುತ್ತಿತ್ತು.

"ಅಂದ್ರೆ, ನಾನು ಹಾಕಿದ್ದೆ" ಎಂದರು.

"ಹಾಕಿದ್ರಿ."

"ಮೂಲೇವರೆಗೂ?"

"ಒಂದು ಅಂಗುಲ ಬಿಟ್ಟಿರಲಿಲ್ಲ."

"ಸರಿಯಾಗಿ ನೆನಪಿದೆಯಾ ಅತ್ತೆ ನಿಮಗೆ?"

ಮೊರದ ತುಂಬ ಬಂದಿತ್ತು ಎಂದೆ. ಕುರ್ಚಿ ಎಳೆದುಕೊಂಡು ಕುಳಿತರು. ಕೈಯಲ್ಲಿ ಮಗುವಿನ ಲೆಕ್ಕದ ಪುಸ್ತಕ ಹಾಗೆಯೇ ಇತ್ತು. "ನಂಗೆ ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದೆ. ಸ್ಟವ್ ಆಫ್ ಮಾಡಿದೀನಾ ಅಂತ ದಿನಕ್ಕೆ ಹತ್ತು ಸಲ ನೋಡ್ತಾ ಇದ್ದೆ. ಮಾನ್ಯಾನ ಸ್ಕೂಲಿಗೆ ಬಿಟ್ಟು ಅರ್ಧ ದಾರಿ ಬಂದ್ಮೇಲೆ, ಬಿಟ್ನಾ ಇಲ್ವಾ ಅಂತ ಹಿಂದಿನ ಸೀಟು ತಿರುಗಿ ನೋಡ್ತಿದ್ದೆ" ಎಂದರು. ಕಣ್ಣಲ್ಲಿ ನೀರು ಬಂತು, ನಗುತ್ತಲೂ ಇದ್ದರು. ನನ್ನ ಮೇಲೆ ಒಂದು ಕೆಟ್ಟ ಮಾತು ಬರಲಿಲ್ಲ ಆ ಬಾಯಲ್ಲಿ. ಆಮೇಲೆ ಎದ್ದು, ಕಾಫಿ ಬೆರೆಸಿ ನನಗೂ ಒಂದು ಲೋಟ ಇಟ್ಟು, "ಪದ್ಮಂಗೆ ಹೇಳ್ಬೇಡಿ ಅತ್ತೆ. ನಿಮ್ಮ ಹತ್ರ ಮಾತು ಬಿಟ್ಟುಬಿಡ್ತಾಳೆ. ನಾನೇ ಮರೆತಿದ್ದೆ ಅಂತ ಇರಲಿ ಬಿಡಿ" ಎಂದರು.

ಹಾಗೆ ಹೇಳಿದ್ದರಿಂದಲೇ ಈ ಕಾಗದವನ್ನು ಹರಿಯದೆ ಮುಂದುವರಿಸುತ್ತಿದ್ದೇನೆ. ಇಂಥವರ ಹತ್ತಿರ ಮಗುವನ್ನು ಬಿಡುವುದಕ್ಕೆ ನಿನಗೆ ಭಯವೇ?

ಪುಸ್ತಕ ಪೆಟ್ಟಿಗೆಯಿಂದ ಇನ್ನೂ ಹೊರಗೆ ಬಂದಿಲ್ಲ. ಅದು ನಿನ್ನ ಮಾತಿಗೆ ಕಾದಿದೆ. ವೆಸ್ಟ್ ಬ್ಲೂಮ್‌ಫೀಲ್ಡಿಗೆ ಮಧ್ಯಾಹ್ನ ಅವರೇ ಫೋನ್ ಮಾಡಿ ಕೇಳಿದರು, ಆ ಜಾಗ ಇನ್ನೂ ಖಾಲಿ ಇದೆಯೋ ಇಲ್ಲವೋ ಶುಕ್ರವಾರ ಹೇಳುತ್ತಾರಂತೆ. ಭಾನುವಾರ ಲೀನಾಳ ಮನೆಗೆ ಇಬ್ಬರೂ ಹೋಗುತ್ತೇವೆ. ನಾನು ಕನ್ನಡದಲ್ಲಿ ಹೇಳಬೇಕು, ಅವರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಮೆತ್ತಗೆ ಮಾಡಿ ಹೇಳಬೇಡಿ, ನಾನು ಹೇಳಿದಷ್ಟನ್ನೂ ಹೇಳಿ ಎಂದು ತಾಕೀತು ಮಾಡಿದ್ದೇನೆ. ರಾಘವೇಂದ್ರರಿಗೆ ಅದಕ್ಕೂ ಮೊದಲು ನಾನೇ ಹೋಗಿ ಹೇಳುತ್ತೇನೆ. ಅವರ ಬಾಯಿಗೆ ಬಿದ್ದರೆ ಮಿಷಿಗನ್ನಿನ ಕನ್ನಡದವರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗಲಿ. ಅಳಿಯಂದಿರ ಹೆಸರು ಹಾಳಾದದ್ದೂ ಅದೇ ಬಾಯಲ್ಲಿ ತಾನೇ?

ನೀನು ಮಾಡಬೇಕಾದದ್ದು ಇಷ್ಟು. ಈ ಕಾಗದ ಓದಿದ ದಿನವೇ ಫೋನ್ ಮಾಡು. ನನಗಲ್ಲ, ಅವರಿಗೆ. ಅಮ್ಮ ಹೇಳಿದಳು ಎಂದು ಶುರು ಮಾಡಬೇಡ, ನಿನ್ನ ಮಾತು ನೀನು ಆಡು. ತಪ್ಪಾಯಿತು ಎನ್ನುವುದು ನಿನಗೂ ಸುಲಭವಾಗಿ ಬರುವುದಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ? ನನಗೆ ಇಪ್ಪತ್ತಾರು ದಿನ ಹಿಡಿಯಿತು. ನೀನು ಅಷ್ಟು ತೆಗೆದುಕೊಳ್ಳಬೇಡ.

ಬೈಗುಳ ಮುಗಿಯಿತು. ಚೆನ್ನಾಗಿರು. ರೂಮಿನಲ್ಲಿ ಬರೀ ಬ್ರೆಡ್ಡು ತಿಂದುಕೊಂಡು ಇರಬೇಡ.

ತಲೆ ತಗ್ಗಿಸಿಕೊಂಡು,
ನಿನ್ನ ಅಮ್ಮ
ಪುಟ್ಟಲಕ್ಷ್ಮಮ್ಮ

ತಾ. ಕ.: ಹಿಂದಿನ ಹಾಳೆಯಲ್ಲಿ, ಗಾಜಾಗುತ್ತದೆ ಎಂದು ನನಗೇನು ಗೊತ್ತು, ದೇವರ ಮುಂದೆ ಕುಳಿತಿದ್ದೆ ಎಂದು ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕುವುದಿಲ್ಲ, ಇರಲಿ, ನಿನ್ನ ತಾಯಿ ಎಂಥವಳು ಎಂದು ನಿನಗೆ ಕಾಣಲಿ. ರಂಗೋಲಿ ಮುಗಿಸಿ ಏಳುವಾಗಲೇ ನನ್ನ ಕಾಲು ಜಾರಿತ್ತು, ಕಂಬಿ ಹಿಡಿದುಕೊಂಡು ಉಳಿದೆ. ಬಿಸಿಲು ಬಂದರೆ ಕರಗುತ್ತದೆ ಬಿಡು ಎಂದುಕೊಂಡು ಒಳಗೆ ಬಂದೆ. ಕಿಟಕಿಯ ಹತ್ತಿರ ನಿಂತಿದ್ದೆ. ಲೀನಾ ಬರುವುದು ಕಂಡಿತು. ಗಾಜು ಬಡಿದು ಬೇಡ ಎನ್ನಬಹುದಿತ್ತು. ಬಡಿದರೆ, ಅಳಿಯಂದಿರು ಕೆರೆದಿಟ್ಟದ್ದನ್ನು ನಾನು ಹಾಳು ಮಾಡಿದೆ ಎಂದು ಗೊತ್ತಾಗುತ್ತದಲ್ಲ ಎಂದು ಕೈ ಹಿಂದೆ ಬಂತು. ಅಷ್ಟರಲ್ಲಿ ಆಕೆ ನನ್ನನ್ನು ನೋಡಿ ನಗುತ್ತಾ ಕೈ ಬೀಸಿದಳು. ನಾನೂ ಬೀಸಿದೆ. ನನ್ನ ಮುಖ ನೋಡುತ್ತಿದ್ದುದರಿಂದಲೇ ಆಕೆ ನೆಲ ನೋಡಲಿಲ್ಲ. ಇದನ್ನು ಅಳಿಯಂದಿರಿಗೂ ಹೇಳಿಲ್ಲ. ಭಾನುವಾರ ಲೀನಾಳ ಮುಂದೆ ಇದನ್ನೂ ಹೇಳುತ್ತೇನೋ, ನುಂಗಿಕೊಳ್ಳುತ್ತೇನೋ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಅದಕ್ಕೇ ನಿನ್ನ ಕೈಗೆ ಬರೆದು ಕೊಟ್ಟಿದ್ದೇನೆ. ಹೇಳಿದೆಯಾ ಎಂದು ನೀನು ನನ್ನನ್ನು ಕೇಳಬೇಕು. ಫೋನಿನಲ್ಲಿ ಕೇಳಿದರೆ ಮಾತು ತಿರುಗಿಸುತ್ತೇನೆ, ಕಾಗದದಲ್ಲೇ ಕೇಳು. ಬೈದು ಬರೆ, ಏನಾದರೂ ಬರೆ, ಮಾರ್ಚ್ ಹುಟ್ಟುವ ಮೊದಲು ನನ್ನ ಕೈ ಸೇರಬೇಕು. ಈ ತಿಂಗಳಿಗೆ ಇರುವುದು ಇಪ್ಪತ್ತೆಂಟೇ ದಿನ.